ಮನೆಯವರ ಕಾಯಿಲೆ, ನಮ್ಮ ದಿನಚರಿ: ಇಷ್ಟೊಂದು ಸುಸ್ತು ಎಲ್ಲಿಂದ ಬರುತ್ತದೆ?

ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ಐದನೇ ದಿನ. ಬೆಳಿಗ್ಗೆ ಹಾಸಿಗೆಯಿಂದ ಎದ್ದವರು ಎರಡು ಹೆಜ್ಜೆ ಇಟ್ಟು ಗೋಡೆ ಹಿಡಿದು ನಿಂತುಬಿಟ್ಟರು. "ಕಣ್ಣು ಕತ್ತಲೆ ಬಂದ ಹಾಗಾಯ್ತು ಕಣೇ" ಅಂದರು. ಕೂರಿಸಿ ಬಿಪಿ ನೋಡಿದೆ. ತುಂಬಾ ಕಡಿಮೆ ಇತ್ತು. ಮಗಳ ಸ್ಕೂಲ್ ವ್ಯಾನ್ ಬರಲು ಹತ್ತು ನಿಮಿಷ ಬಾಕಿ. ಅರ್ಧ ಹೆಣೆದ ಜಡೆಯಲ್ಲೇ ಅವಳನ್ನು ಕಳಿಸಿ, ಅಮ್ಮನ ಮಾತ್ರೆ ಡಬ್ಬಿಯನ್ನು ಮೇಜಿನ ಮೇಲೆ ಸುರಿದೆ.

ಎರಡು ಸ್ಟ್ರಿಪ್‌ಗಳು ಕಣ್ಣಿಗೆ ಬಿದ್ದವು. ಒಂದು, ಅಮ್ಮ ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಬಿಪಿ ಮಾತ್ರೆ. ಇನ್ನೊಂದು, ಆಸ್ಪತ್ರೆಯಿಂದ ಹೊರಡುವಾಗ ಬರೆದುಕೊಟ್ಟಿದ್ದು. ಕಂಪನಿ ಬೇರೆ, ಬಣ್ಣ ಬೇರೆ, ಹೆಸರು ಬೇರೆ. ಬೆಳಕಿಗೆ ಹಿಡಿದು ನೋಡಿದಾಗ ದೊಡ್ಡ ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಿ, ಎರಡರಲ್ಲೂ ಒಂದೇ ಪದ ಇತ್ತು: ಆಮ್ಲೋಡಿಪಿನ್. ಬೆಳಗಿನ ಮಾತ್ರೆ ಕೊಡುವುದು ನನ್ನ ಪಾಲು, ರಾತ್ರಿಯದು ತಮ್ಮನದು. ಇಬ್ಬರೂ ಒಂದು ದಿನವೂ ತಪ್ಪಿಸಿರಲಿಲ್ಲ. ಇಬ್ಬರೂ ನಮ್ಮ ನಮ್ಮ ಕೆಲಸ ಸರಿಯಾಗಿಯೇ ಮಾಡಿದ್ದೆವು. ಹಾಗೆ ಮಾಡಿದ್ದರಿಂದಲೇ ಒಂದೇ ಔಷಧ ಎರಡು ಪಟ್ಟು ಅಮ್ಮನ ಹೊಟ್ಟೆ ಸೇರುತ್ತಿತ್ತು.

ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದ ಮೇಲೆ ಒಂದನ್ನು ನಿಲ್ಲಿಸಿದೆವು. ಅಮ್ಮ ಸುಧಾರಿಸಿಕೊಂಡರು. ನನಗೆ ಮಾತ್ರ ಅದು ತಲೆಯಿಂದ ಹೋಗಲಿಲ್ಲ.

ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದಾಗ ಜನ ಕೇಳುವುದು "ಕೆಲಸ ಜಾಸ್ತಿ ಆಯ್ತಾ?" ಅಂತ. ಜಾಸ್ತಿ ಆಗುತ್ತದೆ, ನಿಜ. ಆದರೆ ಕೈಯಿಂದ ಮಾಡುವ ಕೆಲಸವನ್ನು ಹಂಚಿಕೊಳ್ಳಬಹುದು. ನಾವೂ ಹಂಚಿಕೊಂಡಿದ್ದೆವು. ಹಂಚಿಕೆಗೆ ಬಾರದೆ ಉಳಿದದ್ದು, ಎಲ್ಲವನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳುವ ಕೆಲಸ. ಬಹಳಷ್ಟು ಮನೆಗಳಲ್ಲಿ ಅದು ಒಬ್ಬರ ಮೇಲೆಯೇ ಬೀಳುತ್ತದೆ. ಕೆಲವು ಮನೆಗಳಲ್ಲಿ, ನಮ್ಮಲ್ಲಿ ಆದ ಹಾಗೆ, ಅದು ಯಾರ ತಲೆಯಲ್ಲೂ ಇರುವುದಿಲ್ಲ. ಸುಸ್ತಿಗೂ ತಪ್ಪುಗಳಿಗೂ ಮೂಲ ಹೆಚ್ಚಾಗಿ ಇಲ್ಲೇ ಇದೆ. ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಮೂರು ಕೆಲಸ, ಒಂದೇ ಬಾವಿ

ಜೂಲಿಯೆಟ್ ಕಾರ್ಬಿನ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ ಅನ್ನುವ ಇಬ್ಬರು ಸಂಶೋಧಕರು, ದೀರ್ಘಕಾಲದ ಕಾಯಿಲೆಯನ್ನು ಜನ ಮನೆಯಲ್ಲಿ ಹೇಗೆ ನಿಭಾಯಿಸುತ್ತಾರೆ ಅನ್ನುವುದನ್ನು ನೋಡಿ 1985ರಲ್ಲಿ ಒಂದು ಲೇಖನ ಬರೆದರು. ಕಾಯಿಲೆ ಇರುವ ಮನೆಯಲ್ಲಿ ಮೂರು ಬಗೆಯ ಕೆಲಸ ಒಟ್ಟೊಟ್ಟಿಗೆ ನಡೆಯುತ್ತಿರುತ್ತವೆ ಅಂತ ಅವರು ಗುರುತಿಸಿದರು.

ಮೊದಲನೆಯದು ಕಾಯಿಲೆಯ ಕೆಲಸ: ಮಾತ್ರೆ, ಇಂಜೆಕ್ಷನ್, ಡ್ರೆಸ್ಸಿಂಗ್, ಟೆಸ್ಟು, ರಿಪೋರ್ಟು, ಡಾಕ್ಟರ ಹತ್ತಿರ ಓಡಾಟ. ಎರಡನೆಯದು ದಿನನಿತ್ಯದ ಕೆಲಸ. ಅಡುಗೆ, ಬಟ್ಟೆ, ಮಕ್ಕಳ ಹೋಮ್‌ವರ್ಕ್, ಆಫೀಸು, ಬಿಲ್ಲು ಕಟ್ಟುವುದು. ಕಾಯಿಲೆ ಬಂತು ಅಂತ ಇವು ರಜೆ ಹಾಕುವುದಿಲ್ಲ. ಮೂರನೆಯದು ಯಾರ ಲೆಕ್ಕಕ್ಕೂ ಸಿಗದ್ದು. ಕಾಯಿಲೆ ಬಂದ ಮೇಲೆ "ನಾನು ಯಾರು, ಇನ್ನು ಮುಂದೆ ನನ್ನ ಬದುಕು ಹೇಗೆ" ಅನ್ನುವುದನ್ನು ಮತ್ತೆ ಜೋಡಿಸಿಕೊಳ್ಳುವ ಕೆಲಸ ಅದು. ಕಾಯಿಲೆ ಬಂದವರಿಗೂ ಅದು ಇದೆ, ನೋಡಿಕೊಳ್ಳುವವರಿಗೂ ಇದೆ.

ಮೂರಕ್ಕೂ ನೀರು ಸೇದುವುದು ಒಂದೇ ಬಾವಿಯಿಂದ. ಸಮಯ, ಮೈ ಶಕ್ತಿ, ದುಡ್ಡು, ತಾಳ್ಮೆ ಎಲ್ಲ ಅದರಲ್ಲೇ ಇರುವುದು. ಕಾಯಿಲೆ ಕೆರಳಿದ ವಾರ ಮೊದಲನೇ ಕೆಲಸ ಜಾಸ್ತಿ ಸೇದಿಕೊಳ್ಳುತ್ತದೆ, ಉಳಿದ ಎರಡು ಒಣಗುತ್ತವೆ. ಆ ವಾರ ಮನೆ ಅಸ್ತವ್ಯಸ್ತ ಆದರೆ, ಮಗುವಿನ ಮೇಲೆ ಸುಮ್ನೆ ರೇಗಿದರೆ, ಅದನ್ನು ನಮ್ಮ ಗುಣದ ದೋಷ ಅಂದುಕೊಳ್ಳುತ್ತೇವೆ. ಬಾವಿಯಲ್ಲಿ ನೀರು ಇಳಿದಿರುತ್ತದೆ, ಅಷ್ಟೇ.

ಒಂದು ಕಡೆ ಬೆಳೆಯುವ ಮಕ್ಕಳು, ಇನ್ನೊಂದು ಕಡೆ ವಯಸ್ಸಾದ ಹೆತ್ತವರು. ನಡುವೆ ಸಿಕ್ಕಿಕೊಂಡವರಿಗೆ "ಸ್ಯಾಂಡ್‌ವಿಚ್ ಜನರೇಷನ್" ಅಂತ 1981ರಲ್ಲಿ ಡೊರೊತಿ ಮಿಲ್ಲರ್ ತಮ್ಮ ಲೇಖನದಲ್ಲಿ ಕರೆದರು. ಹೆಸರು ಅಂದಿನಿಂದ ಉಳಿದುಕೊಂಡಿದೆ. ಆದರೆ ಆ ಹೆಸರಿನಲ್ಲಿ ಒಂದು ವಿಷಯ ಮರೆಯಾಗುತ್ತದೆ. ಒತ್ತಡ ಎರಡು ಕಡೆಯಿಂದ ಬರುತ್ತದೆ ಅನ್ನುವುದಕ್ಕಿಂತ, ಎರಡೂ ಕಡೆಯ ಲೆಕ್ಕ ಒಂದೇ ತಲೆಯಲ್ಲಿ ನಡೆಯುತ್ತದೆ ಅನ್ನುವುದು ಹೆಚ್ಚು ನಿಜ.

"ಏನು ಮಾಡಬೇಕು ಹೇಳು, ಮಾಡ್ತೀನಿ"

ಈ ಮಾತನ್ನು ಕೇಳದ ಮನೆ ಇಲ್ಲ. ಗಂಡ ಹೇಳುತ್ತಾನೆ, ತಮ್ಮ ಹೇಳುತ್ತಾನೆ, ನಾದಿನಿ ಹೇಳುತ್ತಾಳೆ. ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ. ಆದರೂ ಕೇಳಿಸಿಕೊಂಡವರ ಹೊರೆ ಇಳಿಯುವುದಿಲ್ಲ. ಯಾಕೆ?

ಸಮಾಜಶಾಸ್ತ್ರಜ್ಞೆ ಆಲಿಸನ್ ಡ್ಯಾಮಿಂಜರ್ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ಮನೆಯ ಯಾವುದೇ ವಿಷಯದಲ್ಲಿ ತಲೆ ಮಾಡುವ ಕೆಲಸವನ್ನು ಅವರು ನಾಲ್ಕಾಗಿ ಬಿಡಿಸಿದರು. ಇಂಥದ್ದು ಬೇಕಾಗುತ್ತದೆ ಅಂತ ಮೊದಲೇ ಊಹಿಸುವುದು, ಏನೇನು ದಾರಿ ಇದೆ ಅಂತ ಹುಡುಕುವುದು, ಒಂದನ್ನು ತೀರ್ಮಾನಿಸುವುದು, ಆಮೇಲೆ ಅದು ಆಯಿತೋ ಇಲ್ಲವೋ ಅಂತ ಕಣ್ಣಿಡುವುದು. ಅವರು ಮಾತಾಡಿಸಿದ ದಂಪತಿಗಳಲ್ಲಿ ತೀರ್ಮಾನವನ್ನು ಹೆಚ್ಚಾಗಿ ಇಬ್ಬರೂ ಸೇರಿ ಮಾಡುತ್ತಿದ್ದರು. ಊಹಿಸುವುದು, ಕಣ್ಣಿಡುವುದು ಮಾತ್ರ ಜಾಸ್ತಿ ಹೆಂಗಸರ ಪಾಲಿಗೇ ಬರುತ್ತಿತ್ತು.

ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಕಾಣುವುದು ಹೋಗಿಬರುವ ಎರಡು ಗಂಟೆ. ಅದರ ಹಿಂದೆ ಏನಿದೆ ನೋಡಿ. ಮೂರು ತಿಂಗಳಾಯಿತು, ಮತ್ತೆ ತೋರಿಸಬೇಕು ಅಂತ ನೆನಪಾಗಬೇಕು. ಅದಕ್ಕೆ ಮೊದಲು ರಕ್ತ ಪರೀಕ್ಷೆ ಆಗಿರಬೇಕು. ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ ಅಂತ ಕೇಳಬೇಕು. ಖಾಲಿ ಹೊಟ್ಟೆ ಅಂದರೆ ಬೆಳಗಿನ ಶುಗರ್ ಮಾತ್ರೆ ಏನು ಮಾಡುವುದು? ಆ ದಿನ ಮಗನಿಗೆ ಪರೀಕ್ಷೆ ಇದೆಯಾ, ಆಫೀಸಿನಲ್ಲಿ ಮೀಟಿಂಗ್ ಇದೆಯಾ? ಹಳೆಯ ರಿಪೋರ್ಟ್ ಫೈಲ್ ಎಲ್ಲಿದೆ? ಅಪ್ಪ ಕಳೆದ ವಾರ ಕಾಲು ಊತ ಅಂದಿದ್ದರು, ಡಾಕ್ಟರ ಮುಂದೆ ಕೂತಾಗ ಅವರೇ ಅದನ್ನು ಹೇಳುವುದಿಲ್ಲ, ನಾನು ನೆನಪಿಟ್ಟು ಹೇಳಬೇಕು. "ಹೇಳು, ಮಾಡ್ತೀನಿ" ಅಂದವರು ಆ ಎರಡು ಗಂಟೆಯನ್ನು ತೆಗೆದುಕೊಳ್ಳುತ್ತಾರೆ. ಉಳಿದದ್ದೆಲ್ಲ ಹೇಳಬೇಕಾದವರ ತಲೆಯಲ್ಲೇ ಉಳಿಯುತ್ತದೆ. ಹೇಳುವುದು ಅನ್ನುವ ಇನ್ನೊಂದು ಕೆಲಸ ಮೇಲಿಂದ ಸೇರುತ್ತದೆ.

ಹಾಗಾಗಿ ಹಂಚುವುದಾದರೆ ಬಿಡಿ ಬಿಡಿ ಕೆಲಸ ಹಂಚಬೇಡಿ, ಇಡೀ ವಿಷಯವನ್ನೇ ಹಂಚಿ. ನಾನು ಇಷ್ಟು ಖಡಾಖಂಡಿತವಾಗಿ ಹೇಳುವುದು ನಮ್ಮ ಮನೆಯ ಆಮ್ಲೋಡಿಪಿನ್ ನೆನಪಿನಿಂದ. ಬೆಳಗಿನ ಮಾತ್ರೆ ನನ್ನದು, ರಾತ್ರಿಯದು ನಿನ್ನದು ಅನ್ನುವ ಹಂಚಿಕೆಯೇ ತಪ್ಪಾಗಿತ್ತು. ಈಗ ಮಾತ್ರೆ ಪೂರ್ತಿ ತಮ್ಮನದು. ಯಾವುದು ಮುಗಿಯುತ್ತಾ ಬಂತು, ಯಾವುದರ ಡೋಸ್ ಬದಲಾಯಿತು, ಯಾವುದು ಯಾವುದರ ಜೊತೆ ಆಗುವುದಿಲ್ಲ, ಎಲ್ಲ ಅವನಿಗೇ ಗೊತ್ತು. ನಾನು ಕೇಳುವುದೂ ಇಲ್ಲ. ಮೊದಲ ಎರಡು ವಾರ ಕೇಳದೆ ಇರುವುದು ಕಷ್ಟವಾಯಿತು. ಕೇಳಿದರೆ ಕಣ್ಣಿಡುವ ಕೆಲಸ ಮತ್ತೆ ನನಗೇ ವಾಪಸ್ ಬರುತ್ತದೆ ಅಂತ ಅರ್ಥವಾದ ಮೇಲೆ ಬಿಟ್ಟೆ.

ದೂರದ ಊರಿನಲ್ಲಿ ಇರುವ ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂಡ ಹೀಗೆ ಒಂದು ಇಡೀ ವಿಷಯವನ್ನು ಹೊರಬಹುದು. ಇನ್ಶೂರೆನ್ಸ್ ಕಾಗದ ಪತ್ರ, ಅಪಾಯಿಂಟ್‌ಮೆಂಟ್, ರಿಪೋರ್ಟ್‌ಗಳನ್ನು ಜೋಡಿಸಿಡುವುದು, ನೆಂಟರ ಫೋನುಗಳಿಗೆ ಉತ್ತರ ಕೊಡುವುದು, ಯಾವುದಕ್ಕೂ ಹಾಸಿಗೆಯ ಪಕ್ಕ ಇರಬೇಕಾಗಿಲ್ಲ. ನೆಂಟರ ಫೋನು ಸಣ್ಣ ವಿಷಯ ಅನಿಸಬಹುದು. ಒಂದೇ ಕಥೆಯನ್ನು ದಿನಕ್ಕೆ ಎಂಟು ಸಲ ಹೇಳಿದವರಿಗೆ ಅದು ಸಣ್ಣದಲ್ಲ ಅಂತ ಗೊತ್ತು.

ಕಾಯಿಲೆಗೂ ಒಂದು ನಡಿಗೆ ಇದೆ

ಎಲ್ಲ ಕಾಯಿಲೆಯೂ ಮನೆಯಿಂದ ಒಂದೇ ತರಹದ ಕೆಲಸ ಕೇಳುವುದಿಲ್ಲ. ಮನೋವೈದ್ಯ ಜಾನ್ ರೋಲ್ಯಾಂಡ್ 1984ರಲ್ಲಿ ಕಾಯಿಲೆಗಳನ್ನು ಯಾವ ಅಂಗದ್ದು ಅನ್ನುವ ಲೆಕ್ಕ ಬಿಟ್ಟು, ಕುಟುಂಬದ ಕಣ್ಣಿನಿಂದ ವಿಂಗಡಿಸಿ ನೋಡಿದರು. ಅದು ಹೇಗೆ ಶುರುವಾಗುತ್ತದೆ, ಆಮೇಲೆ ಹೇಗೆ ಸಾಗುತ್ತದೆ ಅನ್ನುವುದು ಮುಖ್ಯ ಅಂದರು.

ಪಾರ್ಶ್ವವಾಯು ಅಥವಾ ಹೃದಯಾಘಾತ ಹೊಡೆಯುವುದು ಒಮ್ಮೆಗೇ. ಮನೆಯವರೆಲ್ಲ ಕೆಲವೇ ಗಂಟೆಯಲ್ಲಿ ಒಟ್ಟಾಗಿ ತೀರ್ಮಾನ ಮಾಡಬೇಕು. ಇಲ್ಲಿ ಮೊದಲೇ ಗೊತ್ತಿರುವ ಒಂದು ಸಂಗತಿ ಜೀವ ಉಳಿಸಬಹುದು. ಮುಖ ಒಂದು ಕಡೆ ಜೋತು ಬಿದ್ದರೆ, ಒಂದು ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು, ಕಾಯಬಾರದು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಅದಕ್ಕೇ ಆಸ್ಪತ್ರೆಯವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, "ಕೊನೆಯ ಸಲ ಇವರು ಸರಿಯಾಗಿ ಇದ್ದದ್ದನ್ನು ನೋಡಿದ್ದು ಯಾವಾಗ?" ಗಡಿಯಾರ ನೋಡಿ ಇಟ್ಟುಕೊಂಡಿದ್ದರೆ ಉತ್ತರ ಸುಲಭ.

ಪಾರ್ಕಿನ್ಸನ್, ಮರೆವಿನ ಕಾಯಿಲೆಗಳು ಮೆಲ್ಲಗೆ ಬಂದು ಮೆಲ್ಲಗೆ ಜಾಸ್ತಿಯಾಗುತ್ತವೆ. ಇಲ್ಲಿ ಓಡುವ ಅಗತ್ಯ ಇಲ್ಲ, ಆದರೆ ನಿಲ್ಲುವ ಜಾಗವೂ ಸಿಗುವುದಿಲ್ಲ. ಪ್ರತಿ ಆರು ತಿಂಗಳಿಗೆ ಹಂಚಿಕೆ ಬದಲಾಗಬೇಕು. ಬದಲಾಗದಿದ್ದರೆ ಏನಾಗುತ್ತದೆ ಗೊತ್ತಾ? ಮೊದಲು ಸ್ವಲ್ಪ ಹೊರೆ ಹೊತ್ತವರೇ ಪ್ರತಿ ಸಲ ಹೆಚ್ಚಾದದ್ದನ್ನೂ ಹೊರುತ್ತಾ ಹೋಗುತ್ತಾರೆ. ಯಾವ ದಿನವೂ ಅದು "ಇವತ್ತಿಂದ ಜಾಸ್ತಿ ಆಯ್ತು" ಅಂತ ಕಾಣುವುದಿಲ್ಲ.

ನನ್ನ ಪ್ರಕಾರ ಹೊರಗಿನವರಿಗೆ ಅರ್ಥವೇ ಆಗದ್ದು ಮೂರನೇ ತರಹ. ಅಸ್ತಮಾ, ಮೂರ್ಛೆರೋಗ, ಮೈಗ್ರೇನ್ ಹಾಗೆ ಬಂದು ಹೋಗಿ ಮಾಡುವ ಕಾಯಿಲೆಗಳು. ಇಪ್ಪತ್ತು ದಿನ ಎಲ್ಲ ಚೆನ್ನಾಗಿರುತ್ತದೆ. ನೋಡಿದವರು "ಈಗ ಹುಷಾರಾಗಿದ್ದಾರಲ್ವಾ?" ಅನ್ನುತ್ತಾರೆ. ಆದರೆ ಆ ಇಪ್ಪತ್ತು ದಿನವೂ ಮನೆಯವರ ಒಂದು ಕಿವಿ ಪಕ್ಕದ ಕೋಣೆಯ ಕಡೆಗೇ ಇರುತ್ತದೆ. ರಾತ್ರಿ ಕೆಮ್ಮು ಕೇಳಿದರೆ ಎಚ್ಚರ, ಕೇಳದಿದ್ದರೂ ಎಚ್ಚರ. ಇಂಥ ಮನೆಗೆ ಎರಡು ದಿನಚರಿ ಬೇಕು: ಮಾಮೂಲಿ ದಿನಕ್ಕೆ ಒಂದು, ಕಾಯಿಲೆ ಕೆರಳಿದ ದಿನಕ್ಕೆ ಒಂದು. ಕೆರಳಿದ ದಿನ ಮಕ್ಕಳನ್ನು ಶಾಲೆಯಿಂದ ಯಾರು ಕರೆತರುತ್ತಾರೆ, ಆಫೀಸಿಗೆ ಯಾರು ರಜೆ ಹಾಕುತ್ತಾರೆ, ಚೀಲದಲ್ಲಿ ಏನಿರಬೇಕು ಅಂತ ಶಾಂತವಾಗಿ ಇರುವ ದಿನವೇ ಬರೆದಿಟ್ಟರೆ ಆ ಕಿವಿಗೆ ಸ್ವಲ್ಪ ವಿಶ್ರಾಂತಿ ಸಿಗುತ್ತದೆ.

ತಲೆಯಿಂದ ಕಾಗದಕ್ಕೆ

ಡಾಕ್ಟರು ಹೇಳಿದ್ದೆಲ್ಲ ನೆನಪಿರುತ್ತದೆ ಅಂತ ನಂಬಿಕೊಂಡು ಹೊರಗೆ ಬರುತ್ತೇವೆ. ರಾಯ್ ಕೆಸೆಲ್ಸ್ 2003ರಲ್ಲಿ ಬರೆದ ಒಂದು ವಿಮರ್ಶಾ ಲೇಖನದ ಪ್ರಕಾರ, ರೋಗಿಗಳು ಕೇಳಿಸಿಕೊಂಡ ವೈದ್ಯಕೀಯ ಮಾಹಿತಿಯಲ್ಲಿ ಶೇ. 40ರಿಂದ 80ರಷ್ಟನ್ನು ಆ ಕ್ಷಣವೇ ಮರೆಯುತ್ತಾರೆ. ನೆನಪಿರುವುದರಲ್ಲೂ ಸುಮಾರು ಅರ್ಧ ತಪ್ಪಾಗಿರುತ್ತದೆ. ಆತಂಕದಲ್ಲಿ ಇರುವಾಗ, ವಯಸ್ಸಾದಾಗ ಮರೆವು ಇನ್ನೂ ಜಾಸ್ತಿ. ಇದು ದಡ್ಡತನ ಅಲ್ಲ. ಭಯವಾದಾಗ ಮನಸ್ಸು ಒಂದೇ ಪದಕ್ಕೆ ಅಂಟಿಕೊಳ್ಳುತ್ತದೆ, ಉಳಿದದ್ದು ಕಿವಿಯ ಪಕ್ಕದಲ್ಲೇ ಹೋಗಿಬಿಡುತ್ತದೆ.

ಇದಕ್ಕೆ ಒಂದು ಸರಳ ಉಪಾಯ ಇದೆ. ಎದ್ದು ಬರುವ ಮೊದಲು, "ನನಗೆ ಅರ್ಥವಾದದ್ದನ್ನು ಒಂದು ಸಲ ಹೇಳ್ತೀನಿ, ಸರಿ ಇದೆಯಾ ನೋಡಿ ಡಾಕ್ಟ್ರೇ" ಅಂತ ಹೇಳಿ ನಾವೇ ಒಪ್ಪಿಸುವುದು. ಅರ್ಧ ನಿಮಿಷ ಸಾಕು. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ದಿನವಂತೂ ಹಳೆಯ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಇದರಲ್ಲಿ ಯಾವುದು ನಿಂತಿತು, ಯಾವುದು ಮುಂದುವರಿಯಿತು, ಯಾವುದು ಹೊಸದು, ಹೊಸದು ಎಷ್ಟು ದಿನ ಅಂತ ಒಂದೊಂದಾಗಿ ಕೇಳಬೇಕು. ನಾವು ಇದನ್ನು ಕೇಳಿರಲಿಲ್ಲ. ಹೊರಡುವ ಗಡಿಬಿಡಿಯಲ್ಲಿ ಅವರೂ ಹೇಳಲಿಲ್ಲ.

ಮನೆಯಲ್ಲಿ ಒಂದೇ ಒಂದು ಹಾಳೆ ಇರಲಿ. ಅದರಲ್ಲಿ ಮಾತ್ರೆಯ ಬ್ರ್ಯಾಂಡ್ ಹೆಸರಿನ ಜೊತೆ ಒಳಗಿರುವ ಔಷಧದ ಹೆಸರು, ಎಷ್ಟು, ಯಾವಾಗ, ಯಾತಕ್ಕೆ. ಇರುವ ಕಾಯಿಲೆಗಳು, ಆಗಿರುವ ಆಪರೇಷನ್‌ಗಳು, ಅಲರ್ಜಿ, ಡಾಕ್ಟರ ನಂಬರು. ಮೇಲೆ ತಾರೀಕು. ಬದಲಾವಣೆ ಆದಾಗ ಹಳೆಯ ಹಾಳೆ ಹರಿದು ಹೊಸದು ಬರೆಯಬೇಕು, ಇಲ್ಲದಿದ್ದರೆ ಎರಡು ಹಾಳೆ ಎರಡು ಕಥೆ ಹೇಳುತ್ತವೆ. ಎಲ್ಲರ ಫೋನಿನಲ್ಲೂ ಅದರ ಫೋಟೊ ಇರಲಿ.

ಮಕ್ಕಳಿಗೆ ಏನು ಹೇಳುವುದು ಅಂತ ಬಹಳ ಜನ ಕೇಳುತ್ತಾರೆ. ಕಾಯಿಲೆಯ ಹೆಸರು ಹೇಳಿ. ಪುಟ್ಟ ಮಕ್ಕಳು ತಾವು ಗಲಾಟೆ ಮಾಡಿದ್ದರಿಂದ ಅಜ್ಜಿಗೆ ಹೀಗಾಯಿತು ಅಂದುಕೊಳ್ಳುವುದು ಉಂಟು. ಹಾಗಾಗಿ "ಇದು ನಿನ್ನಿಂದ ಆಗಿದ್ದಲ್ಲ" ಅನ್ನುವ ಮಾತನ್ನು ಅವರು ಕೇಳದಿದ್ದರೂ ಹೇಳಬೇಕು. ಆಮೇಲೆ ಅವರಿಗೆ ಬೇಕಾಗಿರುವುದು, ನಾಳೆ ಶಾಲೆಗೆ ಯಾರು ಬಿಡುತ್ತಾರೆ ಅನ್ನುವ ಉತ್ತರ.

ನೋಡಿಕೊಳ್ಳುವವರ ಮೈ

1995ರಲ್ಲಿ ಜಾನಿಸ್ ಕೀಕಾಲ್ಟ್-ಗ್ಲೇಸರ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ಮರೆವಿನ ಕಾಯಿಲೆ ಇರುವ ಮನೆಯವರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರು, ಅಂಥ ಹೊಣೆ ಇಲ್ಲದ ಅದೇ ವಯಸ್ಸಿನ 13 ಹೆಂಗಸರು. ಎಲ್ಲರ ತೋಳಿನಲ್ಲೂ ಒಂದೇ ಅಳತೆಯ ಪುಟ್ಟ ಗಾಯ ಮಾಡಿ, ಎಷ್ಟು ದಿನಕ್ಕೆ ಮಾಯುತ್ತದೆ ಅಂತ ನೋಡಿದರು. ಹೊಣೆ ಇಲ್ಲದವರಲ್ಲಿ ಸರಾಸರಿ 39 ದಿನ. ನೋಡಿಕೊಳ್ಳುವವರಲ್ಲಿ ಅದಕ್ಕಿಂತ ಒಂಬತ್ತು ದಿನ ಹೆಚ್ಚು. ಅಂದರೆ ಈ ಸುಸ್ತು ಬರೀ ಮನಸ್ಸಿನ ಭಾವನೆ ಅಲ್ಲ, ಚರ್ಮದವರೆಗೂ ಇಳಿಯುತ್ತದೆ.

ಹಾಗಂತ ನೋಡಿಕೊಳ್ಳುವುದೇ ಮೈಗೆ ಕೆಟ್ಟದ್ದು ಅಂದುಕೊಳ್ಳಬೇಡಿ. 1999ರಲ್ಲಿ ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್, ವಯಸ್ಸಾದ ಗಂಡ ಅಥವಾ ಹೆಂಡತಿಯನ್ನು ನೋಡಿಕೊಳ್ಳುವವರನ್ನು ನಾಲ್ಕು ವರ್ಷ ಗಮನಿಸಿದರು. ಆರೈಕೆಯಿಂದ ಒತ್ತಡ ಆಗುತ್ತಿದೆ ಅಂದವರಲ್ಲಿ, ಅಂಥ ಹೊಣೆ ಇಲ್ಲದವರಿಗಿಂತ ಸಾವಿನ ಅಪಾಯ ಶೇ. 63ರಷ್ಟು ಹೆಚ್ಚಿತ್ತು. ಅದೇ ಆರೈಕೆ ಮಾಡುತ್ತಾ ಒತ್ತಡ ಇಲ್ಲ ಅಂದವರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಮಾಧಾನವಾಯಿತು. ಪ್ರೀತಿ ನಮ್ಮನ್ನು ಸವೆಸುತ್ತಿಲ್ಲ. ನಿದ್ದೆ ಇಲ್ಲದೆ, ಬದಲಿ ಇಲ್ಲದೆ, ಒಬ್ಬರೇ ಹೊರುವುದು ಸವೆಸುತ್ತಿದೆ. ಅದನ್ನು ಬದಲಾಯಿಸಬಹುದು. ವಾರಕ್ಕೆ ಎರಡು ರಾತ್ರಿ ಬೇರೊಬ್ಬರು ಎಚ್ಚರ ಇದ್ದರೂ ವ್ಯತ್ಯಾಸ ಗೊತ್ತಾಗುತ್ತದೆ. ನಿಮ್ಮದೇ ಬಿಪಿ, ಶುಗರ್ ಪರೀಕ್ಷೆಯನ್ನು ಮುಂದೂಡುತ್ತಾ ಬಂದಿದ್ದರೆ, ಮುಂದಿನ ಸಲ ಅಮ್ಮನ ಜೊತೆ ಹೋದಾಗಲೇ ಮಾಡಿಸಿಬಿಡಿ.

ಇನ್ನೊಂದು ವಿಷಯ. ಎಲ್ಲವನ್ನೂ ನಾವೇ ಮಾಡಿಕೊಡುವುದು ಕಾಯಿಲೆಯವರಿಗೂ ಒಳ್ಳೆಯದಲ್ಲ. ಆರೋಗ್ಯವಾಗಿದ್ದ ವಯಸ್ಸಾದವರನ್ನೇ ಹತ್ತು ದಿನ ಹಾಸಿಗೆಯಲ್ಲಿ ಇರಿಸಿ ನೋಡಿದ 2007ರ ಒಂದು ಅಧ್ಯಯನದಲ್ಲಿ, ಅವರ ಕಾಲುಗಳು ಸರಾಸರಿ ಒಂದು ಕಿಲೋದಷ್ಟು ಮಾಂಸ ಕಳೆದುಕೊಂಡಿದ್ದವು. ಬರೀ ಹತ್ತು ದಿನಕ್ಕೆ! ಡಾಕ್ಟರು ಬೇಡ ಅನ್ನದಿದ್ದರೆ ನೀರಿನ ಲೋಟ ಅವರೇ ತಂದುಕೊಳ್ಳಲಿ, ಬಟ್ಟೆ ಅವರೇ ಮಡಚಲಿ. ನಿಧಾನವಾಗುತ್ತದೆ. ಆಗಲಿ.

ಇದನ್ನು ನಾನು ಕಲಿತದ್ದು ತಡವಾಗಿ. ಮಾತ್ರೆ ಎಡವಟ್ಟಾದ ದಿನ ಗಾಬರಿಯಲ್ಲಿ ಅಮ್ಮನ ಡಬ್ಬಿಯನ್ನು ಅವರ ಕೋಣೆಯಿಂದ ತೆಗೆದು ನಮ್ಮ ಕಪಾಟಿನಲ್ಲಿ ಇಟ್ಟೆವು. ಹದಿನೈದು ವರ್ಷ ಆ ಡಬ್ಬಿಯನ್ನು ತಾವೇ ನೋಡಿಕೊಂಡವರು ಅವರು. ಏನೂ ಹೇಳಲಿಲ್ಲ. ಆದರೆ ಅಂದಿನಿಂದ ಮಾತ್ರೆ ಕೊಟ್ಟಾಗ ಕೈ ಚಾಚಿ, ನೋಡದೆ, ನುಂಗಿಬಿಡುತ್ತಿದ್ದರು. ಯಾತಕ್ಕೆ ಅಂತ ಕೇಳುವುದನ್ನೇ ಬಿಟ್ಟರು. ಕಾರ್ಬಿನ್ ಮತ್ತು ಸ್ಟ್ರಾಸ್ ಹೇಳಿದ ಮೂರನೇ ಕೆಲಸ ಅಂದರೆ ಏನು ಅಂತ ಆ ಚಾಚಿದ ಕೈ ನೋಡಿದಾಗ ಅರ್ಥವಾಯಿತು. ನಾವು ತೆಗೆದುಕೊಂಡಿದ್ದು ಡಬ್ಬಿ ಒಂದನ್ನೇ ಅಲ್ಲ.

ಎರಡು ವಾರದ ಮೇಲೆ ಡಬ್ಬಿ ವಾಪಸ್ ಕೊಟ್ಟೆವು. ಭಾನುವಾರ ತಮ್ಮ ಅದನ್ನು ತುಂಬುತ್ತಾನೆ, ಅಮ್ಮ ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು ಹಾಳೆ ಹಿಡಿದು ಓದುತ್ತಾರೆ. ತೆಗೆದುಕೊಂಡ ಮೇಲೆ ಗುರುತು ಹಾಕುವುದೂ ಅವರೇ. ಕಳೆದ ಸಲ ಡಾಕ್ಟರ ಮುಂದೆ ಆ ಹಾಳೆಯನ್ನು ಓದಿದ್ದೂ ಅವರೇ. ಆರನೇ ಸಾಲಿಗೆ ಬಂದಾಗ ನಿಲ್ಲಿಸಿ, "ಇದು ಗ್ಯಾಸಿನ ಮಾತ್ರೆ ಅಂತ ಬರೆದಿದ್ದಾರೆ. ನನಗೆ ಗ್ಯಾಸ್ ಇಲ್ವಲ್ಲ, ಇದು ಯಾಕೆ?" ಅಂತ ಕೇಳಿದರು. ಡಾಕ್ಟರು ಹಾಳೆ ತೆಗೆದುಕೊಂಡು ನೋಡಿದರು. ಆಸ್ಪತ್ರೆಯಲ್ಲಿ ಇದ್ದಾಗ ಮಾತ್ರ ಬೇಕಾಗಿತ್ತು, ಈಗ ಬೇಡ ಅಂದರು. ಅಮ್ಮ ನನ್ನ ಪೆನ್ನು ಇಸಿದುಕೊಂಡು ಆ ಸಾಲಿನ ಮೇಲೆ ಗೀಟು ಎಳೆದರು.